ಪಂಚ ಅಂದರೆ ಐದು ಮಂದಿ

ನಮ್ಮ ಅಪ್ಪನ ಅಂಗಿಗಳೆಲ್ಲ ಬಿಳಿಯವು. ಬೀದರಿನಂಥ ಕೆಮ್ಮಣ್ಣಿನ ನಾಡಿನಲ್ಲಿ ಬಿಳಿ ಅಂಗಿ ತೊಡುವ ಗಂಡಸಿನ ಹೆಂಡತಿಯ ಪಾಡೇನು ಎಂಬುದನ್ನು ಬಟ್ಟೆ ಒಗೆದ ಕೈಗಳನ್ನೇ ಕೇಳಬೇಕು. ಅವ್ವ ವಾರಕ್ಕೆ ಎರಡು ಸಲ ಆ ಅಂಗಿಗಳನ್ನು ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಬಡಿದು, ನೀಲಿಯಲ್ಲಿ ಅದ್ದಿ ಒಣಹಾಕುತ್ತಿದ್ದಳು. ಮಣ್ಣು ಬೆನ್ನಿಗಿದ್ದರೆ ಅಪ್ಪ ಸಾಲಿಯಲ್ಲಿ ಹುಡುಗರ ಜೊತೆ ತಾವೂ ಆಡಿದ್ದಾರೆಂದು ಅರ್ಥ. ಮೊಣಕೈಗೆ, ತೋಳಿಗೆ ಇದ್ದರೆ ಕುಸ್ತಿಯ ಅಖಾಡದಲ್ಲಿ ಪಂಚರಾಗಿ ನೆಲಕ್ಕೆ ಬಾಗಿದ್ದಾರೆಂದು ಅರ್ಥ. ಅಂಗಿ ನೋಡಿಯೇ ಅವ್ವ ಅಪ್ಪನ ದಿನವನ್ನು ಓದುತ್ತಿದ್ದಳು. ಒಂದು ಸಂಜೆ ಮಾತ್ರ, ಎದೆಯ ಮೇಲೆ ಕೆಂಪು ಮಣ್ಣಿನ ಐದು ಬೆರಳು ಮೂಡಿದ್ದ ಅಂಗಿಯೊಂದು ಮನೆಗೆ ಬಂತು. ಅವ್ವ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಏನೂ ಕೇಳಲಿಲ್ಲ.

ಆ ಅಂಗಿಯ ಕತೆಯನ್ನು ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು ನಿಮ್ಮನ್ನು ನಮ್ಮೂರಿನ ಜಾತ್ರೆಗೆ ಒಮ್ಮೆ ಕರೆದೊಯ್ಯಬೇಕು.

ನಮ್ಮೂರು ಅಷ್ಟೂರ. ಬೀದರ ಪೇಟೆಯಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರು. ದಾರಿಯಲ್ಲಿ ಎತ್ತರದ ಮೇಲೆ ಎಂಟು ಮೂಲೆಯ ಚೌಖಂಡಿ ಸಿಗುತ್ತದೆ. ಅದು ಹಜರತ್ ಖಲೀಲುಲ್ಲಾ ಅವರ ಸಮಾಧಿ. ಅದನ್ನು ದಾಟಿದರೆ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು. ಕಲಬುರ್ಗಿಯಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಅಹಮದ್ ಶಾಹ. 1436ರಲ್ಲಿ ತೀರಿಕೊಂಡ ಅವನು ಇಲ್ಲಿಯೇ ಮಲಗಿದ್ದಾನೆ. ಅವನ ಗುಮ್ಮಟದ ಒಳಗೆ ಕಾಲಿಟ್ಟರೆ ಮೊದಲು ಬರೇ ಕತ್ತಲೆ. ಕಾವಲಿನವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದಾಗ ಗೋಡೆಯ ತುಂಬ ಕೆಂಪು, ನೀಲಿ, ಬಂಗಾರದ ಅಕ್ಷರಗಳು ಒಮ್ಮೆಗೇ ಎದ್ದು ನಿಲ್ಲುತ್ತಿದ್ದವು. ಮುಸಲ್ಮಾನರಿಗೆ ಅವನು ವಲಿ, ಅಂದರೆ ಸಂತ. ನಮ್ಮ ಕಡೆಯ ಲಿಂಗಾಯತರಿಗೆ ಅವನೇ ಅಲ್ಲಮಪ್ರಭು. ಹೋಳಿಯ ಸುಮಾರಿಗೆ ವರ್ಷಕ್ಕೊಮ್ಮೆ ನಡೆಯುವ ಉತ್ಸವವನ್ನು ಕೆಲವರು ಉರುಸು ಎನ್ನುತ್ತಾರೆ, ಕೆಲವರು ಜಾತ್ರೆ ಎನ್ನುತ್ತಾರೆ. ಕಲಬುರ್ಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ತಮ್ಮ ಮಂದಿಯನ್ನು ಕಟ್ಟಿಕೊಂಡು ಬಂದು, ಶಂಖ ಊದಿ, ಕಾಯಿ ಒಡೆದು, ಸುಲ್ತಾನನ ಸಮಾಧಿಗೆ ಹೂವೇರಿಸುತ್ತಾರೆ. ಇಂಥ ಊರಿನಲ್ಲಿ ಹುಟ್ಟಿದವಳಿಗೆ ಯಾರು ನಮ್ಮವರು, ಯಾರು ಅವರವರು ಎಂಬ ಲೆಕ್ಕ ಸರಿಯಾಗಿ ಬರಲೇ ಇಲ್ಲ.

ಜಾತ್ರೆಯೆಂದ ಮೇಲೆ ಕುಸ್ತಿ ಇರಲೇಬೇಕು. ಮೈಸೂರಿನವರು ಗರಡಿ ಎನ್ನುವುದನ್ನು ನಮ್ಮ ಕಡೆ ತಾಲೀಮು ಎನ್ನುತ್ತೇವೆ. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ಸೀಮೆಯಲ್ಲವೆ, ಕುಸ್ತಿಯ ಮಾತುಗಳೆಲ್ಲ ಉರ್ದು: ಅಖಾಡಾ, ಉಸ್ತಾದ, ದಾವು, ಪೇಚು, ಚಿತ್. ಹೆಣ್ಣುಮಕ್ಕಳು ಅಖಾಡದ ಹತ್ತಿರ ಸುಳಿಯುವಂತಿರಲಿಲ್ಲ. ನಾವು ದೂರದಲ್ಲಿ ಬಿಚ್ಚಿ ನಿಲ್ಲಿಸಿದ ಬಂಡಿಗಳ ಮೇಲೆ ಹತ್ತಿ, ಬೆಂಡು ಬತ್ತಾಸು ತಿನ್ನುತ್ತ, ಗಂಡಸರ ತಲೆಗಳ ಮೇಲಿಂದ ಇಣುಕುತ್ತಿದ್ದೆವು. ಮೊದಲು ತೆಂಗಿನಕಾಯಿಗಾಗಿ ಸಣ್ಣ ಹುಡುಗರ ಕುಸ್ತಿ. ಆಮೇಲೆ ರೂಪಾಯಿಯ ಕುಸ್ತಿಗಳು. ಹೊತ್ತು ಮುಳುಗುವಾಗ ಬೆಳ್ಳಿ ಕಡಗದ ಕುಸ್ತಿ.

ಆ ಗದ್ದಲದ ನಟ್ಟನಡುವೆ ಬಿಳಿ ಅಂಗಿ ತೊಟ್ಟು ನಿಂತವರು ನಮ್ಮ ಅಪ್ಪ. ಸಾಲಿಯಲ್ಲಿ ಅವರು ಡ್ರಿಲ್ ಮಾಸ್ತರು, ಅಖಾಡದಲ್ಲಿ ಪಂಚರು. ಪೈಲ್ವಾನರಿಬ್ಬರು ಕಣಕ್ಕಿಳಿದು ನೆಲ ಮುಟ್ಟಿ ಹಣೆಗೊತ್ತಿಕೊಂಡು, ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ತೋಳಿಗೆ ಸವರುತ್ತಿದ್ದರು. ಆಮೇಲೆ ಇಬ್ಬರೂ ಬಾಗಿ ಪಂಚರ ಕೈ ಮುಟ್ಟುತ್ತಿದ್ದರು. ಎಷ್ಟೇ ದೊಡ್ಡ ಪೈಲ್ವಾನನಿರಲಿ, ಎರಡು ಎತ್ತಿನ ಬಲದವನಿರಲಿ, ನಮ್ಮಪ್ಪನಂಥ ಸಣಕಲು ಮಾಸ್ತರನ ಮುಂದೆ ತಲೆ ಬಾಗದೆ ಅವನಿಗೆ ಕುಸ್ತಿಯಿಲ್ಲ. ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್. ತಾಗಿತೋ ಇಲ್ಲವೋ ಎಂದು ನೋಡಲು ಅಪ್ಪ ಮಣ್ಣಿನಲ್ಲಿ ಕೆನ್ನೆ ಊರುವಷ್ಟು ಬಾಗುತ್ತಿದ್ದರು. ಇಬ್ಬರಲ್ಲಿ ಯಾರೊಬ್ಬರ ಊರಿನವನೂ ಆ ಜೋಡಿಗೆ ಪಂಚನಾಗಬಾರದು ಎಂಬುದು ಅವರು ಹಿಡಿದು ನಡೆದ ಕಟ್ಟುಪಾಡು.

ಈ ಕಟ್ಟುಪಾಡಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. ಕ್ರಿಕೆಟ್ಟಿನಂಥ ದೊಡ್ಡ ಆಟದಲ್ಲಿ ಆತಿಥೇಯ ದೇಶದವರೇ ಅಂಪೈರುಗಳಾಗುವ ಪದ್ಧತಿ ನೂರು ವರ್ಷಕ್ಕೂ ಮಿಕ್ಕಿ ನಡೆದಿತ್ತು. ಸೋತವರು ಹೋದಲ್ಲೆಲ್ಲ ಅಂಪೈರರನ್ನು ಶಪಿಸುತ್ತ ಮನೆಗೆ ಮರಳುತ್ತಿದ್ದರು. 1986ರಲ್ಲಿ ಪಾಕಿಸ್ತಾನದ ನಾಯಕ ಇಮ್ರಾನ್ ಖಾನ್ ಈ ಅಪವಾದ ಸಾಕೆಂದು, ವೆಸ್ಟ್ ಇಂಡೀಸ್ ವಿರುದ್ಧದ ಲಾಹೋರಿನ ಟೆಸ್ಟಿಗೆ ಭಾರತದಿಂದ ಇಬ್ಬರು ಅಂಪೈರರನ್ನು ಕರೆಸಿದ. ವಿ.ಕೆ. ರಾಮಸ್ವಾಮಿ ಮತ್ತು ಪೀಲೂ ರಿಪೋರ್ಟರ್ ಎಂದು ಅವರ ಹೆಸರು. ಮರುವರ್ಷವೇ, 1987ರಲ್ಲಿ, ಫೈಸಲಾಬಾದಿನಲ್ಲಿ ಇಂಗ್ಲೆಂಡಿನ ನಾಯಕ ಗ್ಯಾಟಿಂಗ್ ಮತ್ತು ಪಾಕಿಸ್ತಾನದ ಅಂಪೈರ್ ಶಕೂರ್ ರಾಣಾ ಮೈದಾನದ ನಡುವೆ ಬೆರಳು ತೋರಿಸಿ ಬೈದಾಡಿಕೊಂಡರು. ಒಂದು ಇಡೀ ದಿನ ಆಟವೇ ನಿಂತುಹೋಯಿತು. ಎರಡೂ ಕಡೆಗೆ ಸೇರದ ಪಂಚನೇ ಬೇಕೆಂಬುದು ಜಗತ್ತಿಗೆ ನಿಧಾನವಾಗಿ ಅರ್ಥವಾಯಿತು. ಅಷ್ಟೂರಿನ ಅಖಾಡದಲ್ಲಿ ಅದು ಹೇಳಿಕೊಡಬೇಕಾದ ಮಾತೇ ಆಗಿರಲಿಲ್ಲ.

ಅಪ್ಪನಿಗೆ ಇನ್ನೊಂದು ರೂಢಿಯಿತ್ತು. ಜಾತ್ರೆಯ ಗದ್ದಲ ಇಳಿದ ಮೇಲೆ ನಮ್ಮನ್ನು ಗುಮ್ಮಟಗಳ ಸಾಲಿನಲ್ಲಿ ನಡೆಸಿಕೊಂಡು ಹೋಗಿ, ಮೂರನೆಯ ಮಹಮ್ಮದ್ ಶಾಹನ ಸಮಾಧಿಯ ಮುಂದೆ ನಿಲ್ಲಿಸುತ್ತಿದ್ದರು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ದಿವಾನ ಮಹಮೂದ್ ಗವಾನನನ್ನು ಕೊಲ್ಲಿಸಿದವನು ಇವನೇ. ಗವಾನನ ಮೊಹರು ಒತ್ತಿದ್ದ ಕಳ್ಳ ಕಾಗದವೊಂದನ್ನು ವಿರೋಧಿಗಳು ಸುಲ್ತಾನನ ಕೈಗಿಟ್ಟರು. ಕುಡಿದ ಮತ್ತಿನಲ್ಲಿದ್ದ ಸುಲ್ತಾನ ವಿಚಾರಣೆ ಮಾಡಲಿಲ್ಲ, ತಲೆ ತೆಗೆಸಿಯೇಬಿಟ್ಟ. ಅದು 1481. ನಿಜ ಗೊತ್ತಾಗಿ ಪರಿತಪಿಸಿದ ಸುಲ್ತಾನ ಮರುವರ್ಷವೇ ತೀರಿಕೊಂಡ. ಆ ರಾಜ್ಯವೂ ಮತ್ತೆ ಚೇತರಿಸಿಕೊಳ್ಳಲಿಲ್ಲ. “ಎರಡೂ ಕಡೆ ನೋಡದೆ ಸೀಟಿ ಊದಿದ್ರ ಹಿಂಗ ಆಗ್ತದ,” ಎನ್ನುತ್ತಿದ್ದರು ಅಪ್ಪ. ಗೌರವ ಪಂಚನಿಗೆ ಬಿಟ್ಟಿಯಾಗಿ ಸಿಗುವುದಲ್ಲ, ಅವನು ದಿನದಿನವೂ ದುಡಿದು ಗಳಿಸಬೇಕಾದ್ದು ಎಂದು ಅವರು ನಂಬಿದ್ದರು.

ಇಷ್ಟು ಜಾಗರೂಕನಾದ ಮನುಷ್ಯನ ಎದೆಯ ಮೇಲೆ ಆ ಐದು ಬೆರಳು ಹೇಗೆ ಮೂಡಿದವು?

ಅದು 1974ನೆಯ ಇಸವಿ. ನನಗೆ ಆಗ ಹನ್ನೆರಡು ವರ್ಷ. ಹತ್ತಿರದ ಊರೊಂದರಲ್ಲಿ ಕಬಡ್ಡಿಯ ಪಂದ್ಯಗಳಿದ್ದವು. ಊರಿನ ಹೆಸರು ಬೇಡ. ಅಲ್ಲಿ ಈಗಲೂ ನಮ್ಮ ಬೀಗರಿದ್ದಾರೆ. ಆ ಕಾಲದ ಕಬಡ್ಡಿಯಲ್ಲಿ ಅಂಪೈರನಿಗೆ ಕಣ್ಣಿಗಿಂತ ಕಿವಿ ಮುಖ್ಯ. ಎದುರಾಳಿಯ ಅಂಗಳಕ್ಕೆ ನುಗ್ಗಿದವನು ಒಂದೇ ದಮ್ಮಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಮರಳಬೇಕು. ದಮ್ಮು ಮುರಿದರೆ ಔಟು. ಕೊನೆಯ ಪಂದ್ಯದ ಕೊನೆಯ ಗಳಿಗೆ. ಪಂದ್ಯ ಏರ್ಪಡಿಸಿದ ಊರಿನ ಹುಡುಗ ಇಬ್ಬರನ್ನು ಮುಟ್ಟಿ, ಹಿಡಿದವರನ್ನು ಎಳೆದುಕೊಂಡೇ ನಡುಗೆರೆಗೆ ಕೈಚಾಚಿದ. ಊರಿಗೆ ಊರೇ ಕುಣಿಯಿತು. ಅಪ್ಪ ಸೀಟಿ ಊದಿ, ದಮ್ಮು ಮುರಿದಿದೆ ಎಂದರು.

ಆ ಗದ್ದಲದಲ್ಲಿ ಒಬ್ಬ ಹುಡುಗನ ಉಸಿರು ಕಡಿದದ್ದನ್ನು ಅಪ್ಪನ ಕಿವಿಯೊಂದೇ ಕೇಳಿದ್ದು. ಸಾಕ್ಷಿ ಯಾರೂ ಇರಲಿಲ್ಲ. ಒಬ್ಬ ದೊಡ್ಡಾಳು ಗೆರೆ ದಾಟಿ ಬಂದು ಅಪ್ಪನ ಎದೆಗೆ ಕೈಯಿಟ್ಟು ನೂಕಿದ. ಕೆಳಗೆ ಬಿದ್ದವರ ಕೆನ್ನೆಗೂ ಒಂದು ಬಿತ್ತು. ಸಾಲಿಯ ಮಕ್ಕಳು ನೋಡುತ್ತಿದ್ದರು. ಅಪ್ಪ ಎದ್ದು, ಟೋಪಿಯ ಮಣ್ಣು ಕೊಡವಿ, ಸೈಕಲ್ಲು ಹತ್ತಿ ಮನೆಗೆ ಬಂದರು. ಸೀಟಿಯನ್ನು ಗೂಡಿನಲ್ಲಿ ಅವ್ವನ ಅರಿಶಿನ ಕುಂಕುಮದ ಬಟ್ಟಲಿನ ಹಿಂದೆ ಇಟ್ಟರು.

ಮರುದಿನ ಬಂದವರೆಲ್ಲ ಹೇಳಿದ್ದು ಒಂದೇ ಮಾತು: “ಹೋಗ್ಲಿ ಬಿಡ್ರಿ ಮಾಸ್ತರ, ಆಟ ಅಂದ ಮ್ಯಾಲ ಇದೆಲ್ಲ ಇರ್ತದ.” ಈ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಬಹಳ ದಿನ ಅಂದುಕೊಂಡಿದ್ದೆ. ಗಂಡನ ಕೈಯಲ್ಲಿ ಏಟು ತಿಂದು ತವರಿಗೆ ಬಂದ ಹೆಣ್ಣುಮಗಳಿಗೂ ನಾವು ಇದನ್ನೇ ಹೇಳುತ್ತೇವಲ್ಲವೆ: ಸಂಸಾರ ಅಂದಮೇಲೆ ಇದೆಲ್ಲ ಇರ್ತದ ಎಂದು. ಅವ್ವನಿಗೆ ಆ ಹೋಲಿಕೆ ಆಗಲೇ ಹೊಳೆದಿತ್ತೋ ಏನೋ. ಹಾಗೆಂದು ಹೋದವರಿಗೆ ಅವಳು ಚಹಾ ಕೊಡಲಿಲ್ಲ.

ಆ ವರ್ಷ ಅಪ್ಪ ಎಲ್ಲಿಗೂ ಹೋಗಲಿಲ್ಲ. ಪತ್ರಗಳು ಬಂದರೆ, ಮೈಯಲ್ಲಿ ಆರಾಮಿಲ್ಲ ಎಂದು ಒಂದು ಕಾರ್ಡು ಬರೆದು ಹಾಕುತ್ತಿದ್ದರು. ಜಾತ್ರೆ ಹತ್ತಿರ ಬಂತು. ಒಂದು ರಾತ್ರಿ ಊಟದ ಹೊತ್ತಿಗೆ, ತಾಲೀಮಿನ ಮುದಿ ಉಸ್ತಾದರು ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆಯೇ ಕುಳಿತರು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ನನಗೆ ನೆನಪಿದೆ. ಮಾತೆಲ್ಲ ಕೇಳಿಸಲೆಂದು.

“ಮಾಸ್ತರ ಸಾಬ, ಈ ಸಾರಿ ನೀವು ಬರ್ಲಿಲ್ಲಂದ್ರ ನಾ ಅಖಾಡಾಕ ಮಣ್ಣು ಹಾಕ್ಸಂಗಿಲ್ಲ.”

“ಉಸ್ತಾದ್ರೆ, ಹೊಡದವನ ಮ್ಯಾಲ ನನಗ ಸಿಟ್ಟಿಲ್ಲ. ಅವನಿಗಿ ಸೋತ ಸಂಕಟ. ನಾನೇ ತಪ್ಪು ಕೇಳಿರಬಹುದು, ದೇವರಿಗಿ ಗೊತ್ತು. ಆದ್ರ ಸುತ್ತ ಇನ್ನೂರು ಮಂದಿ ನಿಂತಿದ್ರಲ್ಲ, ಒಬ್ಬರರೆ ‘ಏ ಕೈ ಬಿಡು’ ಅನ್ಲಿಲ್ಲ ನೋಡ್ರಿ.”

ಉಸ್ತಾದರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಪಂಚ ಅಂದ್ರ ಏನ್ರಿ? ಐದು ಮಂದಿ. ಅವತ್ತ ನೀವು ಒಬ್ಬರೇ ಇದ್ರಿ. ಉಳದ ನಾಕು ಮಂದಿ ಎಲ್ಲಿ ಹೋಗಿದ್ರು? ಅದ್ರಾಗ ನಾನೂ ಒಬ್ಬವ. ಅಲ್ಲೇ ಕುಂತು ಭಜಿ ತಿನ್ಲಾಕತ್ತಿದ್ದೆ. ಎದ್ದು ಬರ್ಲಿಲ್ಲ. ಅದನ್ನ ಹೇಳ್ಲಾಕೇ ಬಂದೀನಿ.”

ಅಪ್ಪ ಏನೂ ಅನ್ನಲಿಲ್ಲ. ಒಳಗೆ ಬಂದು ಗೂಡಿನ ಕಡೆ ನೋಡಿದರು. ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಟ್ಟಲಿನ ಹಿಂದಿನಿಂದ ಸೀಟಿ ತೆಗೆದು ಕೊಟ್ಟಳು. ಆ ವರ್ಷ ಅಖಾಡದ ನಾಲ್ಕು ಮೂಲೆಗೆ ನಾಲ್ಕು ಮಂದಿ ಹಿರಿಯರು ಕುಳಿತರು. ಅವರು ತೀರ್ಪು ಹೇಳಲಿಲ್ಲ, ಬಾಯಿ ಸಹ ಬಿಡಲಿಲ್ಲ. ಸುಮ್ಮನೆ ಕುಳಿತಿದ್ದರು, ಅಷ್ಟೇ. ಒಂದು ಮೂಲೆಯಲ್ಲಿ ಉಸ್ತಾದರಿದ್ದರು. ಅಪ್ಪ ಅದಾದ ಮೇಲೆ ಹದಿನೇಳು ವರ್ಷ ಪಂಚರಾಗಿ ದುಡಿದರು.

ಓದು ಮುಗಿಸಿ ನಾನೂ ಸಾಲಿಯ ಮಾಸ್ತರಳಾದೆ, ಇತಿಹಾಸ ಕಲಿಸಿದೆ. ಉಸ್ತಾದರ ಮಾತು ಆಗಾಗ ನೆನಪಾಗುತ್ತಿತ್ತು. ಒಮ್ಮೆ ನಿಘಂಟಿನಲ್ಲಿ ‘ಅಂಪೈರ್’ ಪದದ ಮೂಲ ಹುಡುಕಿದೆ. ಹಳೆಯ ಫ್ರೆಂಚಿನ ‘ನಾನ್‌ಪೇರ್’ ಅದರ ತಾಯಿ. ಜೋಡಿಯಿಲ್ಲದವನು, ಒಂಟಿ ಎಂದರ್ಥ. ಇಬ್ಬರ ಜಗಳದಲ್ಲಿ ಇಬ್ಬರಿಗೂ ಸೇರದ ಮೂರನೆಯವನು. ಇಂಗ್ಲಿಷರ ಬಾಯಲ್ಲಿ ಮೊದಲಿನ ‘ನ’ಕಾರ ಉದುರಿ ಅಂಪೈರ್ ಆಯಿತು. ಆ ಪದದಲ್ಲಿ ಒಂಟಿತನವಿದೆ. ನಮ್ಮ ಪದದಲ್ಲಿ ಐದು ಮಂದಿಯಿದ್ದಾರೆ. ನಿಂತವನು ಒಬ್ಬನೇ ಆದರೂ ಅವನ ಬೆನ್ನಿಗೆ ನಾಲ್ವರು ಇರಬೇಕೆಂದು ಆ ಪದವೇ ಹೇಳುತ್ತದೆ. ಬೆನ್ನಿಗಿರುವವರು ಕಾಣೆಯಾದ ದಿನ ನಮ್ಮ ಪಂಚನೂ ಬರೇ ಒಂಟಿ ಅಂಪೈರನಾಗುತ್ತಾನೆ.

ಇದು ನಮ್ಮ ಹಳ್ಳಿಗಳ ಕತೆ ಮಾತ್ರವಲ್ಲ. 1962ರಲ್ಲಿ ಚಿಲಿ ದೇಶದ ಸಾಂಟಿಯಾಗೋದಲ್ಲಿ ಚಿಲಿಗೂ ಇಟಲಿಗೂ ನಡೆದ ವಿಶ್ವಕಪ್ ಫುಟ್‌ಬಾಲ್ ಪಂದ್ಯ ಹೊಡೆದಾಟವಾಗಿ, ಪೋಲೀಸರು ಮೈದಾನಕ್ಕಿಳಿಯಬೇಕಾಯಿತು. ಅದರ ರೆಫ್ರಿ ಕೆನ್ ಆಸ್ಟನ್ ಎಂಬ ಇಂಗ್ಲೆಂಡಿನ ಶಾಲಾ ಮಾಸ್ತರ. 1966ರ ವಿಶ್ವಕಪ್ಪಿನಲ್ಲಿ ರೆಫ್ರಿಗಳ ಉಸ್ತುವಾರಿ ಅವನದೇ ಆಗಿತ್ತು. ಲಂಡನ್ನಿನ ವೆಂಬ್ಲಿಯಲ್ಲಿ ಜರ್ಮನಿಯ ರೆಫ್ರಿಯೊಬ್ಬ ಅರ್ಜೆಂಟೀನಾದ ನಾಯಕ ರಾಟಿನನನ್ನು ಹೊರಗೆ ಹೋಗೆಂದ. ರೆಫ್ರಿಗೆ ಸ್ಪ್ಯಾನಿಷ್ ಬಾರದು. ನಾಯಕ ದುಭಾಷಿಯನ್ನು ಕರೆಸಿ ಎನ್ನುತ್ತ ಮೈದಾನ ಬಿಡಲೊಲ್ಲ. ಆ ದಿನದ ಗೊಂದಲವನ್ನೇ ಯೋಚಿಸುತ್ತ ಕಾರಿನಲ್ಲಿ ಹೋಗುತ್ತಿದ್ದ ಆಸ್ಟನ್ನನಿಗೆ ರಸ್ತೆಯ ಸಿಗ್ನಲ್ ದೀಪ ಕಂಡು ಉಪಾಯ ಹೊಳೆಯಿತು: ಹಳದಿ ಎಚ್ಚರಿಕೆ, ಕೆಂಪು ಹೊರಕ್ಕೆ. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಆ ಕಾರ್ಡುಗಳು ಬಂದವು. ಈಗ ನಮ್ಮ ಕಬಡ್ಡಿಯಲ್ಲಿಯೂ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ.

ಆದರೆ ಕಾರ್ಡು ಆಡುವವನನ್ನು ತಡೆಯುತ್ತದೆ, ಗೆರೆಯ ಆಚೆ ನಿಂತವನನ್ನಲ್ಲ. ಆಟ ಮುಗಿದ ಮೇಲಂತೂ ಅದು ಬರೇ ಕಾಗದ. 2012ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಆಲ್ಮೇರೆ ಎಂಬ ಊರಿನಲ್ಲಿ ಹುಡುಗರ ಫುಟ್‌ಬಾಲ್ ಪಂದ್ಯವಿತ್ತು. ಮಗ ಆಡುತ್ತಾನೆಂದು ಬಂದ ತಂದೆಯೊಬ್ಬ ಗೆರೆ ಕಾಯುವ ಕೆಲಸಕ್ಕೆ ತಾನಾಗಿಯೇ ನಿಂತಿದ್ದ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಆಟ ಮುಗಿದ ಮೇಲೆ ಎದುರು ತಂಡದ ಹುಡುಗರು ಅವನನ್ನು ಒದ್ದರು. ಮರುದಿನ ಆತ ಆಸ್ಪತ್ರೆಯಲ್ಲಿ ತೀರಿಕೊಂಡ. ಮುಂದಿನ ಶನಿವಾರ, ರವಿವಾರ ಆ ದೇಶದಲ್ಲಿ ಊರೂರಿನ ಹವ್ಯಾಸಿ ಫುಟ್‌ಬಾಲನ್ನೆಲ್ಲ ನಿಲ್ಲಿಸಿದರು. ಸುದ್ದಿ ಓದಿದಾಗ ನನಗೆ ಉಸ್ತಾದರು ನೆನಪಾದರು. ಒಂದು ದೇಶಕ್ಕೆ ದೇಶವೇ, ಬಹಳ ತಡವಾಗಿ, ಒಂದು ಮನೆಯ ಕಟ್ಟೆಗೆ ಬಂದು ಕುಳಿತಂತೆ. 2023ರಲ್ಲಿ ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಪಂದ್ಯಗಳ ರೆಫ್ರಿಗಳ ಎದೆಗೆ ಕ್ಯಾಮರಾ ಕಟ್ಟಿ ಪ್ರಯೋಗ ಮಾಡಿದರು. ಎದೆಯ ಮೇಲೆ ಬೆರಳು ಮೂಡದಿರಲೆಂದು ಕ್ಯಾಮರಾ! ಬೇಕಾಗಿದ್ದಿರಬಹುದು. ನನಗೆ ಮಾತ್ರ ಮೂಲೆಯಲ್ಲಿ ಸುಮ್ಮನೆ ಕುಳಿತ ಆ ನಾಲ್ವರೇ ಕಣ್ಣಿಗೆ ಕಟ್ಟುತ್ತಾರೆ.

ಬೈಗುಳ ಅಂಪೈರನಿಗೆ ತಪ್ಪದೆ ಸಲ್ಲುತ್ತದೆ, ಹೊಗಳಿಕೆ ಮಾತ್ರ ಸಲ್ಲುವುದಿಲ್ಲ. 1999ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು ಯಾರಿಗೆ ಗೊತ್ತಿಲ್ಲ? ನಮ್ಮ ಬೀದಿಯಲ್ಲಿಯೂ ಪೇಡೆ ಹಂಚಿದ್ದರು. ಅವತ್ತಿನ ಇಬ್ಬರು ಅಂಪೈರರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್ ಎಂಬುದನ್ನು ಕೇಳಿ ನೋಡಿ, ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ನಮ್ಮ ಅಡಿಗೆಯ ಹಾಗೆಯೇ ಇದು. ಉಪ್ಪು ಹೆಚ್ಚಾದ ದಿನ ಮಾತ್ರ ಅಡಿಗೆ ಮಾಡಿದವಳ ನೆನಪು ಎಲ್ಲರಿಗೂ ಬರುತ್ತದೆ.

ಇಷ್ಟೆಲ್ಲ ಬಲ್ಲವಳು, ಅಂಥ ಅಪ್ಪನ ಮಗಳು, ನಾನು ಮಾಡಿದ್ದೇನೆಂದು ಈಗ ಹೇಳಲೇಬೇಕು.

ನಾಲ್ಕು ವರ್ಷದ ಹಿಂದೆ ಬೀದರಿನ ಒಂದು ಮೈದಾನದಲ್ಲಿ ಹುಡುಗರ ಕಬಡ್ಡಿ. ನನ್ನ ಮೊಮ್ಮಗ ಆಡುತ್ತಿದ್ದ. ಮಗಳು, ಅಳಿಯ, ಬುತ್ತಿಯ ಡಬ್ಬಿ ಸಮೇತ ಹೋಗಿದ್ದೆವು. ಕಬಡ್ಡಿಯ ನಿಯಮದಂತೆ ಒಬ್ಬ ರೆಫ್ರಿ, ಇಬ್ಬರು ಅಂಪೈರರು, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಇರಬೇಕು. ಅಲ್ಲಿ ಇದ್ದವಳು ಒಬ್ಬಳೇ ಹುಡುಗಿ. ದೈಹಿಕ ಶಿಕ್ಷಣ ಓದುತ್ತಿದ್ದವಳು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಮೊಮ್ಮಗ ದಾಳಿಗೆ ಹೋದ. ತಪ್ಪಿಸಿಕೊಳ್ಳುವಾಗ ಅಂಚಿನ ಪಟ್ಟಿಗೆ, ಅದೇ ಲಾಬಿಗೆ, ಕಾಲಿಟ್ಟ. ಯಾರನ್ನೂ ಮುಟ್ಟದೆ ಲಾಬಿ ತುಳಿದರೆ ಔಟು. ಹುಡುಗಿ ಸೀಟಿ ಊದಿ ಕೈಯೆತ್ತಿದಳು. ತಂಡ ಸೋತಿತು.

ನಾನು ಕುರ್ಚಿಯಿಂದ ಎದ್ದೆ. “ಕಣ್ಣು ಮನ್ಯಾಗ ಇಟ್ಟು ಬಂದೀಯೇನ? ನಿನಗ್ಯಾಕ ಬೇಕು ಈ ಉಸಾಬರಿ, ಹೋಗಿ ರೊಟ್ಟಿ ಬಡಿ!” ಎಂದು ಕೂಗಿದೆ. ನನ್ನ ಹಿಂದೆ ಗಂಡಸರು ಹೋ ಎಂದು ನಕ್ಕರು. ಒಬ್ಬ ಹೆಂಗಸೇ ಅಂದಳಲ್ಲ ಎಂದು ಅವರಿಗೆ ಧೈರ್ಯ ಬಂತು. ಆಮೇಲೆ ಅವರು ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹುಡುಗಿ ತಲೆ ತಗ್ಗಿಸಿ ಅಂಕ ಬರೆದಳು. ಬರೆಯುವ ಕೈ ನಡುಗುತ್ತಿತ್ತು.

ಮನೆಗೆ ಬರುವಾಗ ಆಟೋದಲ್ಲಿ ಮೊಮ್ಮಗ ಮೆಲ್ಲಗೆ ಹೇಳಿದ: “ಅಜ್ಜಿ, ನನ್ನ ಕಾಲು ಲಾಬಿಗಿ ಬಿದ್ದಿತ್ತು. ನನಗೇ ಗೊತ್ತಾಗಿತ್ತು.”

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನೂರು ಮಂದಿ ಸುಮ್ಮನೆ ನಿಂತರೆಂದು ಐವತ್ತು ವರ್ಷ ದೂರುತ್ತ ಬಂದವಳು ನಾನು. ಇಲ್ಲಿ ನಾನು ಸುಮ್ಮನೆ ನಿಂತವಳೂ ಆಗಿರಲಿಲ್ಲ, ಎದೆಗೆ ಕೈಯಿಟ್ಟವಳಾಗಿದ್ದೆ. ಅದೂ ರೊಟ್ಟಿಯ ಮಾತು! ಸಾಲಿಯ ನೌಕರಿ ಬೇಕೆಂದಾಗ ನನಗೆ ನಮ್ಮ ಕಾಕಾ ಅಂದಿದ್ದ ಮಾತು ಅದು, ಒಂದಕ್ಷರ ಬದಲಿಲ್ಲದೆ. 2019ರಲ್ಲಿ ಆಂಧ್ರದ ಜಿ.ಎಸ್. ಲಕ್ಷ್ಮಿ ಗಂಡಸರ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯಕ್ಕೆ ಮ್ಯಾಚ್ ರೆಫ್ರಿಯಾದಾಗ, 2023ರಲ್ಲಿ ರಣಜಿ ಪಂದ್ಯಗಳಿಗೆ ಹೆಣ್ಣುಮಕ್ಕಳು ಅಂಪೈರರಾಗಿ ನಿಂತಾಗ, ಪೇಪರಿನ ಚಿತ್ರ ಕತ್ತರಿಸಿ ಇಟ್ಟುಕೊಂಡವಳು ನಾನು. ದೂರದ ಹೆಣ್ಣುಮಗಳನ್ನು ಮೆಚ್ಚಲು ಖರ್ಚಿಲ್ಲ. ನಮ್ಮ ಕೂಸು ಸೋತಾಗ ಎದುರಿಗಿರುವ ಹೆಣ್ಣುಮಗಳನ್ನು ನಂಬುವುದೇ ಕಷ್ಟ.

ಮುಂದಿನ ಪಂದ್ಯಕ್ಕೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕೇಳಿದರೆ, “ಹೊಂಟ್ಹೋದಳ್ರಿ, ಇನ್ನ ಬರಂಗಿಲ್ಲಂತ” ಎಂದರು. ಯಾರಿಗೂ ಆಶ್ಚರ್ಯವಿರಲಿಲ್ಲ. ಹೋದವರ ಲೆಕ್ಕ ಯಾರೂ ಇಡುವುದಿಲ್ಲ. ಹೊಸಬರು ಸಿಗುತ್ತಿಲ್ಲವೆಂದು ಮಾತ್ರ ಎಲ್ಲರೂ ಗೊಣಗುತ್ತಾರೆ.

ವಿಳಾಸ ಹುಡುಕಿಕೊಂಡು ಒಂದು ಸಂಜೆ ಅವಳ ಮನೆಗೆ ಹೋದೆ. ಅವಳ ತಾಯಿ ಬಾಗಿಲು ತೆಗೆದರು. ನಾನು ಯಾರೆಂದು ಹೇಳಿದೆ. ಅವರು ಒಳಗೆ ಬನ್ನಿ ಎನ್ನಲಿಲ್ಲ. “ಕಲಿಸಿದ್ದು ಬೈಸ್ಕೊಳ್ಳಾಕೇನ್ರಿ? ಆಟೋದ ರೊಕ್ಕ ಸುದ್ದಾ ಹುಟ್ಟಂಗಿಲ್ಲ ಅದ್ರಾಗ. ಮ್ಯಾಲ ನಿಮ್ಮಂಥ ದೊಡ್ಡವರ ಬಾಯಾಗ ಇಂಥ ಮಾತು,” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಟ್ಟೆಯ ಮೇಲೆ ಕುಳಿತೆ. ಉಸ್ತಾದರು ಕುಳಿತ ಹಾಗೆ ಎಂದು ಆಮೇಲೆ ಹೊಳೆಯಿತು.

ಹುಡುಗಿ ಹೊರಗೆ ಬಂದಳು. ನಾನು ಹೇಳಿದೆ: “ಯವ್ವಾ, ನೀ ಕೊಟ್ಟ ತೀರ್ಪು ಖರೇ ಇತ್ತು. ಸುಳ್ಳು ಇದ್ದರೂ ನಾ ಹಂಗ ಅನ್ನಬಾರದಿತ್ತು. ನಮ್ಮಪ್ಪನೂ ಪಂಚ ಇದ್ದ. ಅದಕ್ಕ ನನ್ನ ತಪ್ಪು ಎರಡು ಪಟ್ಟು.” ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. “ಅಜ್ಜಿ, ನೀವು ಬೈದಿದ್ದು ಆವತ್ತೇ ಮರ್ತಿದ್ದೆ. ಆಟ ಮುಗದ ಮ್ಯಾಲ ಬಸ್‌ಸ್ಟ್ಯಾಂಡಿನ ತನಕ ಒಬ್ಬಾಕೀನೇ ನಡಕೋತ ಬಂದೆ ನೋಡ್ರಿ, ಅದು ಮರಿಲಿಕ್ಕ ಆಗ್ಲಿಲ್ಲ,” ಎಂದಳು. ಅಪ್ಪನ ಸೈಕಲ್ಲು ಕಣ್ಣ ಮುಂದೆ ಹಾದುಹೋಯಿತು.

ಬರುತ್ತೇನೆಂದು ಅವಳು ಅವತ್ತು ಹೇಳಲಿಲ್ಲ. ಹದಿನೈದು ದಿನದ ಮೇಲೆ ಫೋನು ಮಾಡಿ, ಒಂದು ಕರಾರು ಹಾಕಿದಳು: “ಸ್ಕೋರು ಬರಿಲಿಕ್ಕ ಯಾರೂ ಇಲ್ರಿ. ನೀವು ಬಂದು ಕೂಡ್ತೀರೇನು?”

ಅರವತ್ತು ದಾಟಿದ ಮೇಲೆ ನಾನು ಕಬಡ್ಡಿಯ ಅಂಕ ಬರೆಯಲು ಕಲಿತೆ. ಬೋನಸ್ ಗೆರೆ ಯಾವುದು, ಲೋನಾ ಎಂದರೇನು ಎಂದು ಮೊಮ್ಮಗನೇ ಹೇಳಿಕೊಟ್ಟ. ಗೆರೆಯ ಈಚೆ ಕುಳಿತಾಗ ಆಟವೇ ಬೇರೆ. ಕೂಗುವವರ ಮುಖಗಳು ಎದುರಿಗೆ ಕಾಣುತ್ತವೆ. ಅವರಲ್ಲಿ ತಾಯಂದಿರೇ ಹೆಚ್ಚು. ಡಬ್ಬಿ ಹಿಡಿದು ಬಂದ, ಮಗುವಿನ ಮೊಣಕಾಲು ಕೆತ್ತಿತೆಂದು ಕಣ್ಣೀರು ತಂದುಕೊಳ್ಳುವ, ನನ್ನಂಥದೇ ಹೆಂಗಸರು. ಅವರಾರೂ ಕೆಟ್ಟವರಲ್ಲ. ತಮ್ಮ ಬಾಯಿಂದ ಬಂದ ಮಾತು ಎಲ್ಲಿಗೆ ಹೋಗಿ ಬೀಳುತ್ತದೆಂದು ಅವರು ನೋಡಿಲ್ಲ, ಅಷ್ಟೇ.

ಮೊನ್ನೆಯ ಪಂದ್ಯದಲ್ಲಿ ಒಬ್ಬರ ತಂದೆ ಗೆರೆಯ ತನಕ ನುಗ್ಗಿ ಬಂದು ಹುಡುಗಿಯನ್ನು ಏಕವಚನದಲ್ಲಿ ಕೂಗತೊಡಗಿದ. ನಾನು ಏನೂ ಅನ್ನಲಿಲ್ಲ. ಸ್ಕೋರಿನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಅತ್ತ ಕಡೆಯ ಗುಂಪಿನಿಂದ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು, ಅದೇ ತಂಡದ ಹುಡುಗನ ತಾಯಿಯೇ, “ಅಣ್ಣಾ, ಹಿಂದ ಸರೀರಿ, ಆಕಿ ಕೆಲಸ ಆಕಿಗಿ ಮಾಡಾಕ ಬಿಡ್ರಿ,” ಎನ್ನುತ್ತ ಬಂದು ಇನ್ನೊಂದು ಬದಿಗೆ ನಿಂತಳು. ಆತ ಗೊಣಗುತ್ತ ಹಿಂದೆ ಸರಿದ. ಆಟ ಮುಂದುವರಿಯಿತು. ಮುಗಿದ ಮೇಲೆ ಮೂವರೂ ಮಾತಾಡುತ್ತ ಬಸ್‌ಸ್ಟ್ಯಾಂಡಿನ ತನಕ ನಡೆದು ಹೋದೆವು.

ಐದು ಮಂದಿ ಇನ್ನೂ ಆಗಿಲ್ಲ. ಮೂವರಾಗಿದ್ದೇವೆ.